ಅಂಜನಾಬಾಯಿಯ ಕೈಯ ಹೆಚ್ಚಿನ ಚುಕ್ಕೆ

ನಮ್ಮ ಅತ್ತೆ ಅಂಜನಾಬಾಯಿ ಔರಾದ ಕಡೆಯವರು. ಕುರಿಯ ಕಾಲಿಗೆ ಮುಳ್ಳು ಚುಚ್ಚಿದರೆ ಇಡೀ ಮನೆಯನ್ನು ಎಬ್ಬಿಸುವ ಇವರು ತಮ್ಮ ಮೈಗೆ ಏನಾದರೂ ಬಾಯಿ ಬಿಡುವವರಲ್ಲ. ಎಡಗೈ ತುಂಬ ಹಚ್ಚೆ: ನಡುವೆ ತುಳಸಿಕಟ್ಟೆ, ಸುತ್ತ ಚುಕ್ಕೆಗಳ ಬೇಲಿ. ಹೋದ ದೀಪಾವಳಿಗೆ ನಾನು ಎಣ್ಣೆ ಹಚ್ಚುವಾಗ ಆ ಬೇಲಿಯ ಹೊರಗೊಂದು ಕಪ್ಪು ಚುಕ್ಕೆ ಒರಟಾಗಿ ಬೆರಳಿಗೆ ತಾಗಿತು.

"ಅತ್ತಿ, ಇದು ಮೊದಲ ಇತ್ತೇನ್ರಿ?"

"ಹುಟ್ಟಿದಾಗಿಂದ ಅದ. ಹಚ್ಚಿ ಬೊಟ್ಟದು. ನಿನಗ್ಯಾಕ ಊರ ಉಸಾಬರಿ?"

ಹಚ್ಚೆ ಹಾಕಿಸಿಕೊಂಡು ಯಾರೂ ಹುಟ್ಟುವುದಿಲ್ಲ. ಅದನ್ನು ಹೇಳಿದ್ದಕ್ಕೆ ಹಬ್ಬ ಮುಗಿಯುವವರೆಗೂ ನನ್ನೊಡನೆ ಮಾತು ಬಿಟ್ಟರು. ಆದರೂ ನಾನು ಬಿಡುವಂತಿರಲಿಲ್ಲ. ನಮ್ಮ ತವರಲ್ಲಿ ಒಬ್ಬರಿಗೆ ಇಂಥದೇ ಚುಕ್ಕೆ ಕ್ಯಾನ್ಸರ್ ಆಗಿತ್ತು.

ಡಾಕ್ಟರಿಗೆ ತೋರಿಸೋಣವೆಂದು ಬೆನ್ನು ಬಿಡದೆ ಕಾಡಿದ ಮೇಲೆ ಅತ್ತೆಯೇ ಒಂದು ದಾರಿ ಹುಡುಕಿದರು. ಭಾಲ್ಕಿಯಲ್ಲಿರುವ ಅವರ ಅಕ್ಕ ಶಾಲುಬಾಯಿ ಮತ್ತು ಅವರು ಹುಡುಗಿಯರಾಗಿದ್ದಾಗ ಒಂದೇ ಚಾಪೆಯ ಮೇಲೆ ಕೂತು, ಒಬ್ಬಾಕೆಯ ಕೈಯಿಂದಲೇ ಹಚ್ಚೆ ಹಾಕಿಸಿಕೊಂಡವರು. ಅಕ್ಕನ ಕೈಯಲ್ಲಿದ್ದದ್ದೇ ತಂಗಿಯ ಕೈಯಲ್ಲಿ, ಅದು ಅವರ ಮನೆಯ ಪದ್ಧತಿ.

"ನಡಿ ಭಾಲ್ಕಿಗಿ. ನಮ್ಮಕ್ಕನ ಕೈಯಾಗೂ ಆ ಬೊಟ್ಟದ. ನೋಡಿ ಬಾಯಿ ಮುಚ್ಚಿಕೋ."

ಹೋದೆವು. ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟರು. ಕಟ್ಟೆ ಅದೇ, ಬೇಲಿ ಅದೇ. ಆ ಒಂದು ಚುಕ್ಕೆ ಮಾತ್ರ ಅಕ್ಕನ ಕೈಯಲ್ಲಿರಲಿಲ್ಲ. ಅತ್ತೆಯ ಮುಖದ ಬಣ್ಣ ಇಳಿಯಿತು. ಗೆದ್ದವಳು ನಾನು, ಆದರೆ ಅಂಥ ಗೆಲುವು ಯಾರಿಗೆ ಬೇಕು? ಶಾಲುಬಾಯಿ ಅಳುತ್ತಲೇ ಚಪ್ಪಲಿ ಮೆಟ್ಟಿಕೊಂಡು ನಮ್ಮೊಡನೆ ಬೀದರ ಬಸ್ಸು ಹತ್ತಿದರು.

ಅಲ್ಲಿ ಗಾಂಧಿ ಗಂಜ ಮಾರುಕಟ್ಟೆಯ ಹತ್ತಿರ ಚರ್ಮದ ಡಾಕ್ಟರ್ ಆಯೆಶಾ ಇದ್ದಾರೆ. ಅವರು ಪರದೆ ಎಳೆದು, ಸೀರೆ ಬಿಚ್ಚಿ ಈ ಗೌನು ಹಾಕಿಕೊಳ್ಳಿರಿ, ಮೈಯೆಲ್ಲ ನೋಡಬೇಕು ಎಂದಾಗ ಅತ್ತೆ ಸಿಡಿದರು.

"ಕೈಯಾಗ ಬಂದದ್ದಕ್ಕ ಕಾಲು ಯಾಕ ನೋಡ್ತೀರಿ?"

"ನೀವು ಕುರಿ ತಗೋಳೋವಾಗ ಬರೀ ಕೊಂಬು ನೋಡಿ ತಗೋತೀರೇನ್ರಿ, ಅಮ್ಮಾ?"

ಅತ್ತೆ ಗೌನು ಹಾಕಿಕೊಂಡು ಬಂದರು. ಡಾಕ್ಟರು ಕೂದಲು ಬಿಡಿಸಿ ನೆತ್ತಿ ನೋಡಿದರು. ಕಿವಿಯ ಹಿಂದೆ, ಬೆನ್ನು, ಉಗುರು, ಅಂಗಾಲು, ಬೆರಳ ಸಂದಿ, ಯಾವುದನ್ನೂ ಬಿಡಲಿಲ್ಲ. ಎಲ್ಲಿಯೂ ನೋವಾಗಲಿಲ್ಲ. ಕೊನೆಗೆ ದೀಪವಿರುವ ಪುಟ್ಟ ಭೂತಗನ್ನಡಿಯನ್ನು ಆ ಚುಕ್ಕೆಯ ಮೇಲಿಟ್ಟು ನೋಡಿದರು, ಮತ್ತೂ ನೋಡಿದರು. ಶಾಲುಬಾಯಿ ನನ್ನ ತೋಳು ಹಿಡಿದ ರಭಸಕ್ಕೆ ಅಲ್ಲಿಯೂ ಒಂದು ಕಲೆ ಮೂಡುತ್ತದೆಂದುಕೊಂಡೆ.

"ಫಿಕರ್ ಮಾಡಬ್ಯಾಡ್ರಿ. ಕ್ಯಾನ್ಸರ್ ಅಲ್ರಿದು. ವಯಸ್ಸಾದ ಮ್ಯಾಲ ಹಿಂಗ ಮಚ್ಚಿ ಬರ್ತಾವ. ಅನುಮಾನ ಇದ್ದಿದ್ರ ಸಣ್ಣ ತುಣುಕು ತೆಗೆದು ಪರೀಕ್ಷೆಗಿ ಕಳಸ್ತಿದ್ದೆ, ಇದಕ್ಕ ಬೇಕಾಗಿಲ್ಲ. ಬಣ್ಣ ಬದಲಾದ್ರ, ಬೆಳದ್ರ, ರಕ್ತ ಬಂದ್ರ ಮಾತ್ರ ಲಗೂ ಬರ್ರಿ."

ನನಗೆ ಹೋದ ಜೀವ ಬಂದಂತಾಯಿತು. ಅತ್ತೆಯ ಮುಂದೆ ಎಂದೂ ಅಳದವಳು ಅಲ್ಲಿಯೇ ಅತ್ತುಬಿಟ್ಟೆ. ಅವರು ಬೈಯಲಿಲ್ಲ.

ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತಾಗ ಶಾಲುಬಾಯಿ ಮೂಗು ಒರೆಸಿಕೊಂಡು ಕೇಳಿದರು: "ನನಗಿಲ್ಲದ್ದು ನಿನಗೊಬ್ಬಾಕಿಗೇ ಯಾಕ ಬಂತು?"

"ಲಂಗ ನೀ ಉಟ್ಟು ಬಿಟ್ಟದ್ದು. ಮದವಿ ನಿನ್ನ ಹಂದರದಾಗ. ಹಚ್ಚಿನೂ ನಿನ್ನ ಕೈ ನೋಡೇ ಹಾಕಿದ್ದು," ಎಂದರು ಅತ್ತೆ. "ಇದೊಂದಾರ ನಂದಿರಲಿ ಬಿಡಕ್ಕಾ."

ಹಾಗೆಂದವರು ಚಹಾ ಬಂದರೂ ಅಕ್ಕನ ಕೈ ಬಿಡಲಿಲ್ಲ.