ಲೇತ್ ಮನೆಗೊಂದು ಬಾಗಿಲು

ನಮ್ಮ ಮಾವ ಪಂಚಾಕ್ಷರಪ್ಪನವರು ಹರಿಹರದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದವರು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ನಸುಕಿಗೆ ಎದ್ದು, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹರಿಹರದ ಬಸ್ಸು ಹತ್ತುತ್ತಿದ್ದರಂತೆ. ತೊಂಬತ್ತೇಳರಲ್ಲಿ ನಿವೃತ್ತರಾದರು. ನಿವೃತ್ತರಾದವರು ಮಠಕ್ಕೆ ಹೋಗಿ ಕೂರುತ್ತಾರೆ, ಪೇಪರು ಓದುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ ಎಂದು ನಾನು ತಿಳಿದಿದ್ದೆ. ನಮ್ಮ ಮಾವ ಹಿತ್ತಲಿಗೆ ಲೇತ್ ತಂದರು.

ಕಬ್ಬಿಣದ ತುಂಡನ್ನು ಗರಗರ ತಿರುಗಿಸಿ, ಉಳಿ ತಾಗಿಸಿ ಹೆರೆಯುವ ಯಂತ್ರವದು. ಆವರಗೆರೆಯ ಶೆಡ್ಡೊಂದರಲ್ಲಿ ಧೂಳು ತಿನ್ನುತ್ತಿದ್ದುದನ್ನು ಇವರೇ ನೋಡಿ ಆರಿಸಿ, ಟ್ರ್ಯಾಕ್ಟರಿನಲ್ಲಿ ತರಿಸಿದರು. ಅದನ್ನು ಇಳಿಸಿದ್ದು ಅಡುಗೆಮನೆಯ ಹಿಂದೆ, ನಾನು ಮಗುವಿನ ಬಟ್ಟೆ ಒಣಹಾಕುತ್ತಿದ್ದ ಜಾಗದಲ್ಲಿ. ಮೊದಲು ಗುಂಡಿ ತೋಡಿ ಜಲ್ಲಿ ಕಾಂಕ್ರೀಟು ಹಾಕಿಸಿದರು. ಅದರ ಮೇಲೆ ಯಂತ್ರ ಕೂರಿಸಿ, ಸಮತಟ್ಟು ನೋಡಲು ರಸಮಟ್ಟ ಇಟ್ಟು, ಒಂದು ಮೂಲೆಗೆ ತಗಡಿನ ಚೂರು ತೂರಿಸಿ, ಮತ್ತೆ ತೆಗೆದು, ಮತ್ತೆ ತೂರಿಸಿ ದಿನಗಟ್ಟಲೆ ಅದರ ಸುತ್ತ ಮೊಣಕಾಲೂರಿ ತಿರುಗಿದರು. ಆಮೇಲೆ ಸುತ್ತ ಗೋಡೆ ಎದ್ದಿತು, ಮೇಲೆ ಸಿಮೆಂಟ್ ಶೀಟು ಬಂತು. ಗೋಡೆಗೆ ಒರಗಿಸಿ ಬೆಂಚು, ಬೆಂಚಿಗೆ ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಮೂಲೆಗೆ ಗ್ರೈಂಡರು. ಅಕ್ಕಿ ಗಿರಣಿಯವರು, ಪಂಪ್‌ಸೆಟ್ಟಿನವರು ಸವೆದ ಶಾಫ್ಟು ಹೊತ್ತು ಬರತೊಡಗಿದರು.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸಮಸ್ಯೆ ಬಾಗಿಲಿನದು.

ನಮ್ಮ ಮನೆಗೆ ಎಂಟು ಬಾಗಿಲು. ಮಾವನ ತಂದೆ ಎಣಿಸಿ ಕಟ್ಟಿಸಿದ್ದು. ಮನೆಯ ಬಾಗಿಲು ಸರಿಸಂಖ್ಯೆಯಲ್ಲಿರಬೇಕು, ಬೆಸವಾದರೆ ಏಳಿಗೆಯಿಲ್ಲ ಎಂಬುದು ಇವರಲ್ಲಿ ತಲೆತಲಾಂತರದ ಮಾತು. ವರ್ಕ್‌ಶಾಪಿಗೆ ಓಣಿಯ ಕಡೆಯಿಂದ ಬಾಗಿಲು ಬೇಕಾಯಿತು. ಹೊಸದಿಟ್ಟರೆ ಒಂಬತ್ತಾಗುತ್ತದೆ. ಅದಕ್ಕೆ ಮಾವ ಏನು ಮಾಡಿದರೆಂದರೆ, ಅಡುಗೆಮನೆಯ ಹಿತ್ತಲ ಬಾಗಿಲನ್ನು ಚೌಕಟ್ಟು ಸಮೇತ ಕೀಳಿಸಿ ಓಣಿಯ ಗೋಡೆಗೆ ಇಡಿಸಿದರು. ಲೆಕ್ಕ ಎಂಟೇ ಉಳಿಯಿತು. ನನ್ನ ಒಲೆಗೂ ಅವರ ಲೇತಿಗೂ ನಡುವೆ ಬರೀ ಒಂದು ಕಂಡಿ ಉಳಿಯಿತು.

ಆಗ ನನ್ನ ಮಗಳು ಅಂಕಿತಾಗೆ ನಡಿಗೆ ಬರುತ್ತಿದ್ದ ಕಾಲ. ಒಂದು ಕ್ಷಣ ಬೆನ್ನು ತಿರುಗಿಸುವ ಹಾಗಿರಲಿಲ್ಲ. ಲೇತಿನಿಂದ ಕಬ್ಬಿಣದ ಸುರುಳಿಗಳು ಬೀಳುತ್ತವೆ. ಕಾದು ನೀಲಿ ಬಣ್ಣಕ್ಕೆ ತಿರುಗಿ, ಗುಂಗುರು ಕೂದಲಿನ ಹಾಗೆ ಹೊಳೆಯುತ್ತವೆ, ಅಂಚು ಬ್ಲೇಡಿನಂತಿರುತ್ತದೆ. ಮಗುವನ್ನು ಸೆಳೆಯಲು ಅದಕ್ಕಿಂತ ಒಳ್ಳೆಯ ಆಟಿಕೆಯನ್ನು ಯಾರೂ ಮಾಡಿರಲಾರರು. ನಾನು ಕಂಡಿಗೆ ಪರದೆ ಕಟ್ಟಿದೆ. ಅವಳು ಅದರಡಿ ತೂರಿದಳು. ಮಂಡಕ್ಕಿ ಚೀಲ ಅಡ್ಡವಿಟ್ಟೆ. ಚೀಲ ಬಿಚ್ಚಿ ಮಂಡಕ್ಕಿ ಚೆಲ್ಲಿ ಅದರ ಮೇಲೆಯೇ ದಾಟಿದಳು. ಒಂದು ಮಧ್ಯಾಹ್ನ ಮುಷ್ಟಿ ಬಿಡಿಸಿ ನೋಡಿದರೆ ಒಳಗೊಂದು ನೀಲಿ ಸುರುಳಿ. ಬಾಯಿಗೆ ಒಯ್ಯುವುದರಲ್ಲಿದ್ದಳು.

ಅವತ್ತೇ ಹೇಳಿದೆ. "ಮಾವ, ಈ ಕಂಡಿಗೊಂದು ಬಾಗಿಲು ಹಾಕಿಸಿಬಿಡಿ."

ಮಾವ ಕನ್ನಡಕ ಹಣೆಗೇರಿಸಿದರು. "ಒಂಬತ್ತಾಗ್ತಾವಲ್ಲವ್ವ."

"ಹಾಗಾದ್ರೆ ಎರಡು ಹಾಕಿಸಿ, ಹತ್ತಾಗುತ್ತೆ."

"ಹತ್ತು ಬರಂಗಿಲ್ಲ. ಕೊನೀಗೆ ಸೊನ್ನೆ ಬರಬಾರ್ದು."

ಒಳಗಿಂದ ಅತ್ತೆ ಅನ್ನಪೂರ್ಣಮ್ಮ ದನಿಗೂಡಿಸಿದರು. "ಮೈಸೂರಾಗೆ ಓದಿದಾಕೀಗೆ ಇವೆಲ್ಲ ಹೆಂಗೆ ಗೊತ್ತಾಗ್ಬೇಕು. ನಾವೇನು ಮಕ್ಳನ್ನ ಸಾಕ್ಲಿಲ್ಲೇನು? ನಿನ್ ಗಂಡ ಅಡಕೊತ್ತು ಹಿಡ್ಕಂಡೇ ಬೆಳೆದಾನೆ."

ಗಂಡ ಬಕ್ಕೇಶ್ ಔಷಧಿ ಕಂಪನಿಯ ಕೆಲಸದಲ್ಲಿ ವಾರವಿಡೀ ಊರೂರು ಸುತ್ತುವವರು. ಶನಿವಾರ ಬಂದಾಗ ಅವರ ಮುಂದೆ ಅತ್ತುಕೊಂಡೆ. "ಅಪ್ಪಗೆ ನಾನೇನು ಹೇಳ್ಲಿ? ನೀನೇ ಒಂಚೂರು ಹುಷಾರಿ ನೋಡ್ಕ," ಎಂದು ಮಗ್ಗುಲಾದರು. ಹುಷಾರಿ ನೋಡಿಕೊಳ್ಳುವುದು ಬಿಟ್ಟು ನಾನು ಬೇರೇನು ಮಾಡುತ್ತಿದ್ದೆ? ಹಾಲು ಉಕ್ಕಿದರೆ ಉಕ್ಕಲಿ ಎಂದು ಮಗುವಿನ ಹಿಂದೆ ಓಡುತ್ತಿದ್ದೆ. ಸ್ನಾನಕ್ಕೆ ಹೋದರೆ ಅವಳನ್ನೂ ಒಳಗೆ ಕೂರಿಸಿಕೊಳ್ಳುತ್ತಿದ್ದೆ. ಕರೆಂಟು ಹೋಗಿ ಲೇತ್ ನಿಂತಾಗ ಮಾತ್ರ ಉಸಿರು ಬಿಡುತ್ತಿದ್ದೆ. ಊರಿಗೆಲ್ಲ ಕರೆಂಟು ಬೇಕು, ನಾನೊಬ್ಬಳು ಹೋಗಲಿ ಎಂದು ಕಾಯುತ್ತಿದ್ದೆ.

ಮಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಏನು ಸಿಕ್ಕರೂ ಹೆಬ್ಬೆರಳಿನಿಂದ ಸವರಿ ನೋಡುವುದು ಅವರ ಚಾಳಿ. ಒಮ್ಮೆ ನನ್ನ ಲಟ್ಟಣಿಗೆ ಸವರಿ, "ನಡುವೆ ಊದ್ಕಂಡೈತೆ, ಅದಕ್ಕೇ ನಿನ್ ಚಪಾತಿ ಹರೀತಾವೆ," ಎಂದು ಒಯ್ದು, ಸಂಜೆಗೆ ಹೆರೆದು ನುಣುಪು ಮಾಡಿ ತಂದುಕೊಟ್ಟರು. ನಾನು ಕೇಳದ್ದನ್ನು ಮಾಡಿಕೊಡಲು ಅವರಿಗೆ ಎಷ್ಟಾದರೂ ಪುರುಸೊತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಬಡಗಿ ಕರಿಯಣ್ಣ. ಬೆಂಚಿನ ಕಾಲು ಬಿಗಿಮಾಡಲು ಬಂದವನ ಮುಂದೆ ನನ್ನ ಗೋಳು ತೋಡಿಕೊಂಡೆ. ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಮಾವನ ಹತ್ತಿರ ಹೋದ.

"ಯಜಮಾನ್ರೇ, ಹೊಸ್ತಿಲಿದ್ರೆ ತಾನೇ ಬಾಗ್ಲು ಅನ್ನಾದು? ಹೊಸ್ತಿಲಿಲ್ದಂಗೆ ಇಡಾನ. ಮೂರು ಕಡೆ ಚೌಕಟ್ಟು, ಕೆಳಗೆ ಖಾಲಿ. ಪೂಜೆ ಇಲ್ಲ, ಲೆಕ್ಕಕ್ಕೂ ಇಲ್ಲ."

ಮಾವ ಕಂಡಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ, "ಆಗ್ಬಹುದು," ಎಂದರು. ಅತ್ತೆಯೂ ಒಪ್ಪಿದರು. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವವರು ಅವರು. ಹಚ್ಚುವಂಥದ್ದು ಇಲ್ಲದ ಮೇಲೆ ಅದು ಅವರ ಪಾಲಿಗೆ ಕಪಾಟಿನ ಕದವಿದ್ದಂತೆ.

ಬಾಗಿಲು ಬಂತು. ಎತ್ತರದಲ್ಲಿ ಚಿಲಕ. ಬದುಕಿದೆ ಎಂದುಕೊಂಡೆ. ಬದುಕಿದ್ದು ಸಂಜೆಯ ತನಕ. ಹೊಸ್ತಿಲಿಲ್ಲದ ಬಾಗಿಲಿನ ಕೆಳಗೆ ಬೆರಳುಗಳು ತೂರುವಷ್ಟು ಸಂದಿ. ವರ್ಕ್‌ಶಾಪಿನ ನೆಲ ಅಡುಗೆಮನೆಗಿಂತ ತುಸು ಎತ್ತರ. ಮಾವ ಆಚೆ ಕಸ ಗುಡಿಸಿದರೆ ಸುರುಳಿ, ಪುಡಿ, ಎಣ್ಣೆ ಎಲ್ಲವೂ ಸಂದಿಯಲ್ಲಿ ಇಳಿದು ನನ್ನ ಒಲೆಯ ಬುಡಕ್ಕೆ ಬರುತ್ತಿತ್ತು. ಮೊದಲು ಮಗು ಅಲ್ಲಿಗೆ ಹೋಗುತ್ತಿತ್ತು, ಈಗ ಆ ಕಸವೇ ಮಗುವಿನ ಹತ್ತಿರ ಬರುತ್ತಿತ್ತು. ಹಳೆಯ ಸೀರೆ ಸುತ್ತಿ ಸಂದಿಗೆ ತುರುಕಿದೆ. ಅಂಕಿತಾ ಅದನ್ನು ಎಳೆದು ತೆಗೆಯುವುದನ್ನೇ ಆಟ ಮಾಡಿಕೊಂಡಳು.

ಶ್ರಾವಣದ ಒಂದು ಸೋಮವಾರ. ನಾನು ಕಾಯಿ ತುರಿಯುತ್ತಿದ್ದೆ. ಮಗು ನಗುವುದು ಕೇಳಿಸಿತು. ತಿರುಗಿದರೆ ಅವಳು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಬಾಗಿಲಿನಡಿ ಕೈ ತೂರಿಸಿದ್ದಾಳೆ. ಬೆರಳುಗಳು ಪೂರಾ ಆಚೆ ಹೋಗಿವೆ. ಆಚೆ ಮಾವ ಶಾಫ್ಟುಗಳ ಕಬ್ಬಿಣದ ಪೆಟ್ಟಿಗೆಯನ್ನು ನೆಲದ ಮೇಲೆ ದೂಡಿಕೊಂಡು ಬರುವ ಕರಕರ ಸದ್ದು, ಹತ್ತಿರವಾಗುತ್ತಿದೆ. ಕಾಯಿ ಅಲ್ಲೇ ಬಿಟ್ಟೆ. ಓಡಿ ಹೋಗಿ ರಟ್ಟೆ ಹಿಡಿದು ಎಳೆದೆ. ಪೆಟ್ಟಿಗೆ ಬಂದು ಬಾಗಿಲಿಗೆ ಢಣ್ಣೆಂದು ಬಡಿಯಿತು.

ಎಳೆದ ರಭಸಕ್ಕೆ ಕಿರುಬೆರಳು ಸುರುಳಿಗೆ ತಗುಲಿ ಕೊಯ್ದಿತ್ತು. ರಕ್ತ ಸ್ವಲ್ಪವೇ, ಅಳು ಬಹಳ. ನಾನು ಬಾಗಿಲು ತೆಗೆದು ಮಗುವಿನ ಕೈಯನ್ನು ಮಾವನ ಮುಂದೆ ಹಿಡಿದೆ.

ಮಾವ ನೋಡಿದರು. ಪೆಟ್ಟಿಗೆ ನಿಂತ ಜಾಗ ನೋಡಿದರು. ಕುಕ್ಕರುಗಾಲಿನಲ್ಲಿ ಕುಳಿತು, ತಮ್ಮದೇ ಬೆರಳುಗಳನ್ನು ಬಾಗಿಲಿನಡಿ ತೂರಿಸಿ ಅಲ್ಲಿಯೇ ಬಿಟ್ಟುಕೊಂಡರು. ಲೇತ್ ಹಿಂದೆ ಸುಮ್ಮನೆ ತಿರುಗುತ್ತಿತ್ತು. ಆಮೇಲೆ ಎದ್ದು ಅದನ್ನು ಆರಿಸಿ, ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ನಾನು ಮಗುವಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬರುವಷ್ಟರಲ್ಲಿ ಕರಿಯಣ್ಣ ಬಾಗಿಲಿನಡಿ ಹೊನ್ನೆಮರದ ಹೊಸ್ತಿಲು ಕೂರಿಸುತ್ತಿದ್ದ.

ಅತ್ತೆ ಕಂಬ ಹಿಡಿದು ನಿಂತಿದ್ದರು. "ಒಂಬತ್ತಾತಲ್ರಿ."

"ಆಗ್ಲಿ."

"ನಿಮ್ಮಪ್ಪಾರು ಎಣಿಸಿ ಕಟ್ಸಿದ ಮನೆ."

"ನಮ್ಮಪ್ಪ ಮನ್ಯಾಗ ಲೇತ್ ಇಟ್ಟಿರ್ಲಿಲ್ಲ," ಎಂದರು ಮಾವ. ಅತ್ತೆಯ ಮುಖ ನೋಡದೆ ಕರಿಯಣ್ಣನಿಗೆ, "ಎಡಕ್ಕೆ ಒಂದು ಕೂದ್ಲೆಳೆ ಎದ್ದೈತೆ ನೋಡಪ," ಎಂದರು.

ಅಂದಿನಿಂದ ಅಂಕಿತಾ ಅಡುಗೆಮನೆಯಲ್ಲಿ ಆರಾಮಾಗಿ ಆಡುತ್ತಾಳೆ. ಅಷ್ಟು ಮಾತ್ರ ನನಗೆ ಸಿಕ್ಕಿತು. ಉಪ್ಪಿನಕಾಯಿಗೆ ಬೂಷ್ಟು ಬಂದರೆ, ಬಕ್ಕೇಶರ ಸ್ಕೂಟರು ಪಂಕ್ಚರಾದರೆ, ನಲ್ಲಿಯಲ್ಲಿ ನೀರು ಬಾರದಿದ್ದರೆ ಅತ್ತೆ, "ಒಂಬತ್ತು ಬಾಗ್ಲಿನ ಮನಿ," ಎಂದು ಯಾರಿಗೂ ಅಲ್ಲದ ಹಾಗೆ ನನಗೇ ಹೇಳುತ್ತಾರೆ. ಗಿರಣಿಯವರು ಅಳತೆ ತಪ್ಪಿದೆಯೆಂದು ಒಂದು ಶಾಫ್ಟನ್ನು ವಾಪಸು ತಂದ ದಿನವೂ ಅತ್ತೆ ಅದನ್ನೇ ಅಂದರು. ಮಾವ ಶಾಫ್ಟನ್ನು ಸರಿಪಡಿಸಿ ಕೊಟ್ಟರು. ಆದರೆ ಆ ರಾತ್ರಿ ಊಟದಲ್ಲಿ ಎರಡನೇ ರೊಟ್ಟಿ ಬೇಡವೆಂದರು. ಅವರ ಮನಸ್ಸಿನಲ್ಲೂ ಆ ಸಂಖ್ಯೆ ಕೂತಿದೆಯೆಂದು ನನಗೆ ಗೊತ್ತಾಯಿತು, ಕೇಳುವ ಧೈರ್ಯವಾಗಲಿಲ್ಲ.

ಅಮಾವಾಸ್ಯೆಗೆ ಅತ್ತೆ ಎಲ್ಲ ಹೊಸ್ತಿಲು ತೊಳೆದು ಅರಿಶಿನ ಹಚ್ಚುತ್ತಾರೆ, ಈ ಒಂದನ್ನು ಬಿಟ್ಟು. ಅದಕ್ಕೆ ನಾನೇ ಹಚ್ಚುತ್ತೇನೆ. ಇಂಥದ್ದನ್ನೆಲ್ಲ ನಂಬದ ನಾನು, ಕೈ ಒರೆಸಿಕೊಂಡು ಎದ್ದು, ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿ, ಮತ್ತೆ ಕೂತು ಇನ್ನೂ ಸ್ವಲ್ಪ ಹಚ್ಚುತ್ತೇನೆ.