ಬಾಗಿಲಲ್ಲಿ ಎದ್ದ ಅಣಬೆ

ರಂಗೋಲಿ ವಿಷಯದಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸೋರಿಲ್ಲ. ಜಂಬ ಅಂದ್ಕೊಂಡರೂ ಪರವಾಗಿಲ್ಲ. ಆದರೆ ಚುಕ್ಕಿ ಇಡದೆ ಒಂದು ಗೆರೆ ಎಳಿ ಅಂದರೆ ಮಾತ್ರ ಕೈಯೇ ಓಡೋದಿಲ್ಲ. ನನ್ನದೇ ಅಂತ ಒಂದು ಚಿತ್ರ ಬರೀಬೇಕು ಅನ್ನೋ ಆಸೆ ಸ್ಕೂಲಿನ ಕಾಲದಿಂದ ಹಾಗೇ ಉಳಿದುಬಿಟ್ಟಿತ್ತು.

ನಾಗರಬಾವಿಯ ನಮ್ಮ ಮನೆ ಮೇಲಿನ ರೂಮಿಗೆ ಲಾ ಓದೋ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಭಾನುವಾರ ಟೆರೇಸಿನಲ್ಲಿ ಅಕ್ಕಪಕ್ಕದ ಮನೆ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡ್ತಿದ್ದಳು. ಸಂಡಿಗೆ ಒಣಗಿತಾ ಅಂತ ನೋಡೋಕೆ ಹೋದ ನಾನೂ ಚಾಪೆ ತುದಿಯಲ್ಲಿ ಕೂತುಬಿಟ್ಟೆ.

"ಅಣಬೆಯಿಂದ ಶುರು ಮಾಡೋಣ ಆಂಟಿ. ಮೇಲೊಂದು ಟೋಪಿ, ಕೆಳಗೊಂದು ಕಾಂಡ. ತುಂಬಾ ಸುಲಭ," ಅಂದಳು.

ಸುಲಭವಂತೆ! ಕೈ ನನ್ನ ಮಾತೇ ಕೇಳದೆ ಸಾಲಾಗಿ ಚುಕ್ಕಿ ಇಟ್ಟಿತು. ಒಂದು ಅಣಬೆ ಬರೆದದ್ದೇ ಎದುರಿಗೂ ಒಂದು ಬೇಕು ಅನಿಸಿತು. ಆಮೇಲೆ ಎಡಕ್ಕೊಂದು, ಬಲಕ್ಕೊಂದು. ನೋಡಿದರೆ ದಿಕ್ಕಿಗೊಂದು ಅಣಬೆ! ಮಕ್ಕಳು ಬಿದ್ದು ಬಿದ್ದು ನಕ್ಕವು. "ಒಂದೇ ಸಾಕು ಆಂಟಿ," ಅಂದಳು ಹುಡುಗಿ, ತಾನೂ ನಗು ತಡೆಯುತ್ತಾ.

ಹಟ ಹಿಡಿದು ಒಂದೇ ಅಣಬೆ ಬರೆದು ನಮ್ಮ ಯಜಮಾನರ ಮುಂದೆ ಹಿಡಿದೆ. "ಏನು ಹೇಳಿ ನೋಡೋಣ?"

"ಛತ್ರಿ."

ಇನ್ನೊಂದು ಬರೆದೆ.

"ಲೋಟದ ಮೇಲೆ ಇಡ್ಲಿ ಇಟ್ಟಿದೀಯ."

ಮೈಯೆಲ್ಲಾ ಉರಿದುಹೋಯ್ತು. "ನಾನು ಹೇಳದೆ ಯಾರಾದರೂ ಒಬ್ಬರು ಅಣಬೆ ಅಂತ ಗುರುತು ಹಿಡಿದರೆ ಏನ್ ಮಾಡ್ತೀರಿ?"

"ಇನ್ಮೇಲೆ ದಿನಾ ಬೆಳಗಿನ ಕಾಫಿ ನಂದೇ. ಇಲ್ಲಾಂದ್ರೆ ಆ ಪೆನ್ಸಿಲ್ ಎತ್ತಿಟ್ಟು ಸುಮ್ನೆ ಕೂತ್ಕೋಬೇಕು ನೀನು."

ಮದುವೆಯಾದಾಗಿನಿಂದ ಒಲೆ ಹಚ್ಚಿದ ಮನುಷ್ಯನಲ್ಲ! ಒಪ್ಪಿಕೊಂಡೆ. ಕಾಫಿ ಹಾಳಾಗಲಿ, ಆ ಪೆನ್ಸಿಲ್ ಬಿಡೋಕೆ ನನಗೆ ಮನಸ್ಸಿರಲಿಲ್ಲ.

ಹುಡುಗಿ ನನ್ನ ಹಾಳೆಗಳನ್ನೆಲ್ಲ ಹರಡಿಕೊಂಡು ನೋಡಿದಳು. "ಕಾಂಡದ ಬುಡ ಯಾಕೆ ಮುಚ್ತೀರಾ ಆಂಟಿ? ಅದು ಮಣ್ಣೊಳಗಿರುತ್ತಲ್ವಾ, ಹಾಗೇ ಬಿಟ್ಟುಬಿಡಿ."

ಬಿಡೋದಾ? ರಂಗೋಲಿ ಎಳೆ ಕೂಡಿಸದೆ ಬಿಟ್ಟರೆ ಮನೆಗೆ ಒಳ್ಳೇದಲ್ಲ ಅಂತ ಅಮ್ಮ ಬೆರಳಿಗೆ ಹೊಡೆದು ಕಲಿಸಿದ್ದಳು. ಬುಡಕ್ಕೆ ಬಂದರೆ ಸಾಕು, ಪೆನ್ಸಿಲ್ ತಾನಾಗೇ ತಿರುಗಿ ಗೆರೆ ಮುಚ್ಚಿಬಿಡ್ತಿತ್ತು. ವಾರವೆಲ್ಲಾ ಬರೆದೆ, ಹರಿದೆ. ಒಂದಿನ ಅಡುಗೆಮನೆಯಲ್ಲಿ ನಿಂತು ಅತ್ತೂಬಿಟ್ಟೆ.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಡಬ್ಬಿ ಹಿಡಿದು ನಿಂತವಳಿಗೆ ಏನನ್ನಿಸಿತೋ, ಚುಕ್ಕಿ ಇಡಲಿಲ್ಲ. ಬಗ್ಗಿ ಒಂದೇ ಉಸಿರಿಗೆ ಟೋಪಿ ಎಳೆದೆ, ಮೊರದಷ್ಟು ಅಗಲ. ಪುಡಿ ಹಿಡಿದ ಬೆರಳು ಎಲ್ಲೂ ನಿಲ್ಲದೆ ಓಡಿತು! ಟೋಪಿ ಕೆಳಗೆ ಸಣ್ಣಸಣ್ಣ ನೆರಿಗೆ. ಕೊನೆಗೆ ಕಾಂಡದ ಎರಡು ಗೆರೆಗಳನ್ನು ಗೇಟಿನ ಪಕ್ಕದ ಹೊಂಗೆಮರದ ಬುಡದ ಮಣ್ಣಿನವರೆಗೆ ಎಳೆದು ತಂದು ಕೈ ಎತ್ತಿಬಿಟ್ಟೆ. ಗೆರೆ ಕೂಡಿಸು, ಕೂಡಿಸು ಅಂತ ಬೆರಳು ತುರಿಸ್ತಿತ್ತು. ಕೈಗೆ ಸೆರಗು ಸುತ್ತಿಕೊಂಡು ಹಿಂದೆ ಸರಿದೆ.

ದಿನಾ ಆ ಮರದ ನೆರಳಲ್ಲಿ ಬುಟ್ಟಿ ಇಳಿಸೋ ಸೊಪ್ಪಿನಾಕೆ ಬಂದಳು. ನಾನು ತುಟಿ ಬಿಚ್ಚಲಿಲ್ಲ. ಬುಟ್ಟಿ ಇಳಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು ನೆಲ ನೋಡಿದಳು.

"ಅಯ್ಯೋ ಅಕ್ಕಾ! ಏನ್ ಅಣಬೆ ಎದ್ದದೆ ನಿಮ್ ಬಾಗಿಲಲ್ಲಿ! ಕಿತ್ರೆ ಬೀದಿಗೆಲ್ಲ ಸಾರಾಗ್ತದೆ!"

ಕುಣಿದುಬಿಡೋಣ ಅನ್ನಿಸಿತು. "ಕೇಳಿಸ್ತೇನ್ರೀ?" ಅಂತ ವರಾಂಡದ ಕಡೆ ಕೂಗಿದೆ. ಯಜಮಾನರು ಓದ್ತಿದ್ದ ಪೇಪರ್ ಮಡಿಸಿಟ್ಟರು. ಕುರ್ಚಿ ಸರಿದ ಸದ್ದು ಕೇಳಿಸಿತು.

ನನ್ನ ಅಣಬೆ ನೋಡ್ತಾ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ದನಿ ಬಂತು. "ಕಾಫಿಪುಡಿ ಎಲ್ಲಿಟ್ಟಿದೀಯ ಕಣೇ?"

"ಹುಡುಕಿ," ಅಂದೆ.