ಹಿಂದಿನ ಕೋಣೆಯ ವೇಗ

ಏಣಿಯಣ್ಣ ಈಗ ಯಾರ ಮನೆಗೆ ಇಂಟರ್ನೆಟ್ ಹಾಕಲು ಹೋದರೂ, ಏಣಿಯನ್ನು ಗೋಡೆಗೆ ಆನಿಸಿ ಒಳಗೆ ಬಂದವನೇ ಒಂದು ಪ್ರಶ್ನೆ ಕೇಳುತ್ತಾನೆ. "ಫೋನ್ ಹಿಡ್ಕೊಂಡು ನೀವು ಹೆಚ್ಚಾಗಿ ಎಲ್ಲಿ ಕೂತ್ಕೊಳ್ತೀರಿ?"

ನಮ್ಮ ಮನೆಯಲ್ಲೂ ಕೇಳಿದ. ಅಡುಗೆಮನೆಯ ಕಿಟಕಿ ಪಕ್ಕ ಎಂದೆ. ಅವನು ಅಲ್ಲಿಗೇ ಬಂದು, ನನ್ನ ಕುರ್ಚಿಯಲ್ಲೇ ಕೂತು ವೇಗ ಅಳೆದ. ಹಿಂದೆ ಬಂದವರು ಇಂಟರ್ನೆಟ್ ಪೆಟ್ಟಿಗೆಯ ಮುಂದೆಯೇ ನಿಂತು ಅಳೆದು, ದೊಡ್ಡ ಅಂಕಿ ತೋರಿಸಿ ಹೊರಟುಬಿಡುತ್ತಿದ್ದರು. ನಾನು ಹಾಗೆಂದಾಗ ಅವನು, "ನಾನೂ ಹಾಗೇ ಮಾಡ್ತಿದ್ದೆ ಅಮ್ಮಾ," ಎಂದ. ಆಮೇಲೆ ವೈರು ಬಿಡಿಸುತ್ತಾ, ನಡುನಡುವೆ ನಿಲ್ಲಿಸುತ್ತಾ ಅವನು ಹೇಳಿದ್ದು ಇದು.

ಹದಿನೆಂಟು ವರ್ಷದಿಂದ ಅವನ ಹೆಗಲ ಮೇಲೆ ಏಣಿ ಇದೆ. ಮೊದಲು ಟೀವಿಯ ಕೇಬಲ್ ಎಳೆಯುತ್ತಿದ್ದ, ಆಮೇಲೆ ಟೆಲಿಫೋನು, ಈಗ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿರುವ ಅವನ ಹೆಂಡತಿ, "ಇವರು ನನ್ನ ನೋಡೋಕೆ ಬಂದಾಗ್ಲೂ ಏಣಿ ಹೊರಗೆ ನಿಲ್ಲಿಸಿ ಬಂದಿದ್ರು, ನಮ್ಮಪ್ಪ ಸುಣ್ಣ ಬಳಿಯೋರು ಅಂದ್ಕೊಂಡಿದ್ರು," ಎಂದು ಈಗಲೂ ನಗಿಸುತ್ತಾಳಂತೆ.

ದಿನಕ್ಕೆ ಏಳು ಮನೆ ಮುಗಿಸಬೇಕು. ಮುಗಿಯಿತು ಎನ್ನಲು ಒಂದು ಫೋಟೋ ಕಳಿಸಬೇಕು. ವೇಗ ಅಳೆದ ಫೋನಿನ ಪರದೆ, ಅದರಲ್ಲಿ ತೊಂಬತ್ತಕ್ಕಿಂತ ದೊಡ್ಡ ಅಂಕಿ. ಜನ ಕೊಂಡಿರುವುದು ನೂರು ಎಂಬಿಪಿಎಸ್ ವೇಗದ ಸಂಪರ್ಕ. ಕಾಗದದಲ್ಲಿ 'ನೂರರವರೆಗೆ' ಎಂದು ಬರೆದಿರುತ್ತದೆ. ಕೊಳ್ಳುವವರು ನೂರನ್ನು ಓದುತ್ತಾರೆ, ಅದರ ಬಾಲವನ್ನು ಓದುವುದಿಲ್ಲ. ಗೋಡೆ ದಾಟಿದರೆ ಆ ನೂರು ಅರ್ಧವಾಗುತ್ತದೆ, ಎರಡು ಗೋಡೆ ದಾಟಿದರೆ ಅದಕ್ಕೂ ಕಡಿಮೆ. ಆದ್ದರಿಂದ ಕೆಲಸದವರೆಲ್ಲ ಪೆಟ್ಟಿಗೆಯಿಂದ ಮೊಳದೂರ ನಿಂತು ಫೋಟೋ ಹೊಡೆಯುತ್ತಾರೆ. ಅಂಕಿ ಸುಳ್ಳಲ್ಲ. ಆ ಜಾಗದಲ್ಲಿ ಯಾರೂ ಕೂರುವುದಿಲ್ಲ, ಅಷ್ಟೆ.

ಹಾಗೆ ಫೋಟೋ ಹೊಡೆದ ಮನೆಗಳಲ್ಲಿ ಒಂದು, ಬಟ್ಟೆ ಹೊಲಿಯುವ ಹೆಂಗಸಿನದು. ಬೀದಿಯವರು ಆಕೆಯನ್ನು ಟೈಲರಮ್ಮ ಎನ್ನುತ್ತಾರೆ. ಅರವತ್ತು ದಾಟಿದ ವಯಸ್ಸು, ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಅವನು ಹೋದ ದಿನ ಮಗಳು ಕೆಲಸಕ್ಕೆ ಹೋಗಿದ್ದಳು. ಮುಂದಿನ ಕೋಣೆಯ ಗೋಡೆಯಲ್ಲಿ ಹಳೆಯ ಟೆಲಿಫೋನಿನ ತೂತು ಹಾಗೇ ಇತ್ತು. ಪಕ್ಕದಲ್ಲಿ ಕಬ್ಬಿಣದ ಬೀರು, ಬೀರುವಿನ ಹಿಂದೆ ಪ್ಲಗ್ಗು. ಹೊಸದಾಗಿ ಗೋಡೆ ಕೊರೆಯುವ ಗೋಜಿಲ್ಲ. ಅವನು ಪೆಟ್ಟಿಗೆಯನ್ನು ಬೀರುವಿನ ಹಿಂದೆಯೇ ತೂಗುಹಾಕತೊಡಗಿದ.

ಟೈಲರಮ್ಮ ಅವನ ತೋಳು ತಟ್ಟಿ, ಹಿಂದಿನ ಕೋಣೆಯತ್ತ ಬೆರಳು ತೋರಿಸಿದಳು. ಅವನು ಸುಮ್ಮನೆ ತಲೆಯಾಡಿಸಿ ಕೆಲಸ ಮುಂದುವರಿಸಿದ. ಆಕೆ ಮತ್ತೆ ತಟ್ಟಿದಳು. ಪೆಟ್ಟಿಗೆಯನ್ನು ತೋರಿಸಿ, ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು ನಡೆಯುವಂತೆ ಮಾಡಿ, ಹಿಂದಿನ ಕೋಣೆಯನ್ನು ತೋರಿಸಿದಳು. ಚಿಕ್ಕ ಮಗುವಿಗೂ ತಿಳಿಯುವಂಥ ಸನ್ನೆ.

"ನಂಗೆ ಅರ್ಥ ಆಗಿತ್ತು ಅಮ್ಮಾ," ಎಂದ ಏಣಿಯಣ್ಣ. "ಆದ್ರೆ ಅಲ್ಲಿಗೆ ಹಾಕ್ಬೇಕಂದ್ರೆ ಕಂಬದಿಂದ ಹೊಸ ಎಳೆ, ಹೊಸ ತೂತು, ಮುಕ್ಕಾಲು ಗಂಟೆ. ಇನ್ನೂ ಮೂರು ಮನೆ ಬಾಕಿ ಇತ್ತು. ಮಾತು ಬರೋರಾಗಿದ್ರೆ ಏನೋ ಒಂದು ನೆಪ ಹೇಳ್ಬೇಕಿತ್ತು. ಆಕೆಗೆ ಅದೂ ಬೇಕಾಗ್ಲಿಲ್ಲ. ತಿಳೀಲಿಲ್ಲ ಅನ್ನೋ ಹಾಗೆ ಮುಖ ಮಾಡ್ಕೊಂಡು ನಿಂತೆ."

ಆಮೇಲೆ ಪೆಟ್ಟಿಗೆಯ ಮುಂದೆ ನಿಂತು ತೊಂಬತ್ತಾರು ಎಂಬ ಅಂಕಿಯನ್ನು ಆಕೆಗೆ ತೋರಿಸಿ, ಹೆಬ್ಬೆರಳು ಎತ್ತಿದ. ಆಕೆ ನಂಬಿ, ತಾನೂ ಹೆಬ್ಬೆರಳು ಎತ್ತಿ ನಕ್ಕಳು.

ಏಳು ತಿಂಗಳ ನಂತರ ಕಚೇರಿಯಿಂದ ಅವನಿಗೆ ಒಂದು ಚೀಟಿ ಬಂತು. ಆ ಮನೆಯವರಿಗೆ ಸಂಪರ್ಕ ಬೇಡವಂತೆ, ಪೆಟ್ಟಿಗೆ ಬಿಚ್ಚಿಕೊಂಡು ಬರಬೇಕು. ಬಿಚ್ಚುವ ಕೆಲಸ ಐದು ನಿಮಿಷದ್ದು. ಅವನು ಖುಷಿಯಿಂದಲೇ ಹೋದ.

ಬಾಗಿಲು ತೆರೆದ ಮಗಳು, "ಬನ್ನಿ ಅಣ್ಣಾ, ಬಿಚ್ಚಿಕೊಳ್ಳಿ. ಅಮ್ಮನಿಗೆ ಅಂತ ಹಾಕ್ಸಿದ್ದು, ಅಮ್ಮನೇ ಬೇಡ ಅಂದ್ಮೇಲೆ ನನಗೇನಿದೆ," ಎಂದಳು.

"ಯಾಕೆ ಅಕ್ಕಾ, ಬರ್ತಿಲ್ವಾ?"

"ಬರುತ್ತೆ. ರಾತ್ರಿ ಊಟ ಆದ್ಮೇಲೆ ಇಲ್ಲೇ ಕೂತು ನಾನು ಸಿನಿಮಾ ನೋಡ್ತೀನಿ, ಒಂದ್ಸಲವೂ ನಿಂತಿಲ್ಲ. ಅಮ್ಮನ ಕೈಯೇ ಕೈಕೊಟ್ಟಿದೆ."

ವಿಷಯ ಇಷ್ಟು. ಟೈಲರಮ್ಮನಿಗೆ ಒಬ್ಬಳು ಅಕ್ಕ, ಬೇರೆ ಊರಿನಲ್ಲಿ. ಆಕೆಗೂ ಕಿವಿ ಕೇಳದು. ಇಬ್ಬರ ಮಾತೂ ಕೈಯಲ್ಲೇ. ಅಕ್ಕನಿಗೆ ಮೊಣಕಾಲು ಹಿಡಿದು ಪ್ರಯಾಣ ನಿಂತ ಮೇಲೆ, ಫೋನಿನಲ್ಲಾದರೂ ಮುಖ ನೋಡಿ ಮಾತಾಡಲಿ ಎಂದು ಮಗಳು ಇದನ್ನು ಹಾಕಿಸಿದ್ದಳು. ಕೈಮಾತಿಗೆ ಬೆಳಕು ಮುಖ್ಯ. ಬೆಳಕಿರುವುದು ಹಿಂದಿನ ಕೋಣೆಯಲ್ಲಿ, ಹೊಲಿಗೆ ಮಷಿನ್ನಿನ ಹತ್ತಿರ. ಅಲ್ಲಿ ಕೂತು ಟೈಲರಮ್ಮ ಮಾತಾಡಿದರೆ ಅಕ್ಕನಿಗೆ ಒಂದೂ ತಿಳಿಯುತ್ತಿರಲಿಲ್ಲ. ಏನು, ಮತ್ತೊಮ್ಮೆ ಹೇಳು, ನಿಧಾನ ಎಂದು ಕೇಳಿ ಕೇಳಿ ಸಾಕಾಗಿ ಹೋಗುತ್ತಿತ್ತು.

"ದೊಡ್ಡಮ್ಮನ ಕೈ ನಮ್ಮಮ್ಮನಿಗೆ ಚೆನ್ನಾಗಿ ಕಾಣಿಸುತ್ತೆ. ಅವರಿಗೆ ಮಾತ್ರ ನಮ್ಮಮ್ಮ ಹೇಳಿದ್ದು ತಿಳಿಯಲ್ಲ," ಎಂದಳು ಮಗಳು. "ನಲವತ್ತು ವರ್ಷ ಕತ್ತರಿ ಹಿಡಿದ ಕೈ, ಬೆರಳು ಬಿಗಿದುಕೊಂಡಿದೆ ಅಂತ ಅಮ್ಮನಿಗೆ ಅನ್ಸಿಬಿಡ್ತು. ದಿನಾ ಎಣ್ಣೆ ಹಚ್ಚಿ ಉಜ್ಜಿಕೊಂಡ್ರು. ಡಾಕ್ಟರು ಏನೂ ಇಲ್ಲ ಅಂದ್ರು. ಕನ್ನಡಿ ಮುಂದೆ ನಿಂತು ಸನ್ನೆ ಮಾಡಿ ನೋಡ್ಕೊಳ್ತಿದ್ರು ಪಾಪ. ಈಗ ಎರಡು ತಿಂಗಳಿಂದ ಫೋನ್ ಮುಂದೆ ಕೂರೋದೇ ಇಲ್ಲ."

"ನೀವು ಕಂಪ್ಲೇಂಟ್ ಕೊಡ್ಲಿಲ್ವಾ?"

"ಒಂದ್ಸಲ ಕೊಟ್ಟೆ. ತೊಂಬತ್ತಾರು ಬರ್ತಿದೆ, ಫೋಟೋ ಇದೆ ನಮ್ಮ ಹತ್ರ ಅಂದ್ರು. ಆಮೇಲೆ ನಾನೂ ಅಮ್ಮನ ಕೈಯೇ ಇರ್ಬೇಕು ಅಂದ್ಕೊಂಡೆ."

ಆ ಫೋಟೋ ಏಣಿಯಣ್ಣನದೇ.

ಅವನಿಗೆ ಎಲ್ಲ ತಿಳಿದುಹೋಯಿತು. ಮನೆಗೆ ಬರುವ ವೇಗ ಬೇರೆ, ಮನೆಯಿಂದ ಹೋಗುವ ವೇಗ ಬೇರೆ. ನೂರು ಎನ್ನುವುದು ಬರುವುದಕ್ಕೆ. ಹೋಗುವುದಕ್ಕೆ ಆ ಸಂಪರ್ಕದಲ್ಲಿ ಇರುವುದೇ ಹತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸಿನಿಮಾ ನೋಡುವವರಿಗೆ ಬೇಕಾಗುವುದೂ ಇಲ್ಲ. ಅವನು ಹಿಂದಿನ ಕೋಣೆಗೆ ನಡೆದು, ಮಷಿನ್ನಿನ ಪಕ್ಕ ನಿಂತು ಅಳೆದ. ಬರುವುದು ಹದಿನಾಲ್ಕು. ಹೋಗುವುದು ಒಂದೂ ಇಲ್ಲ, ಬರೀ ಅರ್ಧ. ಕಬ್ಬಿಣದ ಬೀರು, ಎರಡು ಗೋಡೆ. ಪೆಟ್ಟಿಗೆಯ ಸಿಗ್ನಲ್ಲು ಜೋರು, ಹೇಗೋ ಇಲ್ಲಿಯವರೆಗೆ ಬರುತ್ತಿತ್ತು, ಫೋನಿನ ಸಣ್ಣ ಸಿಗ್ನಲ್ಲು ಪೆಟ್ಟಿಗೆಗೆ ಮುಟ್ಟುತ್ತಿರಲಿಲ್ಲ. ಅಕ್ಕನ ಕೈ ಇಲ್ಲಿ ಸ್ಪಷ್ಟ, ತಂಗಿಯ ಕೈ ಅಲ್ಲಿ ಬರೀ ಮಬ್ಬು.

ಟೈಲರಮ್ಮ ಕುರ್ಚಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

"ಪೆಟ್ಟಿಗೆ ಬಿಚ್ಕೊಂಡು ಹೋಗಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದ ನನಗೆ. "ಒಂದು ಕ್ಷಣ ಹಾಗೇ ಮಾಡೋಣ ಅಂತಲೂ ಅನ್ಸಿತ್ತು. ಸುಳ್ಳು ಹೇಳ್ಬಾರ್ದು ಅಲ್ವಾ ನಿಮ್ಮ ಹತ್ರ."

ಅವನು ಏಣಿ ತಂದ. ಕಂಬದಿಂದ ಹೊರಗೋಡೆಯ ಉದ್ದಕ್ಕೂ ಹೊಸ ಎಳೆ ಎಳೆದ, ಹಿಂದಿನ ಕೋಣೆಯ ಕಿಟಕಿಯ ಮೇಲೆ ತೂತು ಕೊರೆದ, ಪೆಟ್ಟಿಗೆಯನ್ನು ಮಷಿನ್ನಿಗೆ ಎದುರಾಗಿ ಎದೆಯೆತ್ತರದಲ್ಲಿ ನಿಲ್ಲಿಸಿದ. ಮುಕ್ಕಾಲು ಗಂಟೆ ಎಂದುಕೊಂಡಿದ್ದು ನಲವತ್ತೇ ನಿಮಿಷ ಹಿಡಿಯಿತು. ಅದು ಅವನನ್ನು ಇನ್ನಷ್ಟು ಚುಚ್ಚಿತು.

ಮತ್ತೆ ಅಳೆದಾಗ ಬರುವುದು ಎಂಬತ್ತೆರಡು, ಹೋಗುವುದು ಒಂಬತ್ತು. ಮಗಳಿಗೆ ಈ ಸಲ ಎಲ್ಲವನ್ನೂ ಹೇಳಿದ. "ನೂರು ಅಂತ ಕಾಯ್ಬೇಡಿ ಅಕ್ಕಾ. ಸಂಜೆ ಬೀದಿಯವರೆಲ್ಲ ಒಟ್ಟಿಗೆ ಕೂತಾಗ ಇದು ನಲವತ್ತಕ್ಕೆ ಇಳಿಯುತ್ತೆ. ಮುಂದಿನ ಕೋಣೆಗೆ ಇಪ್ಪತ್ತು ಸಿಕ್ರೆ ಹೆಚ್ಚು, ನಿಮ್ಮ ಸಿನಿಮಾಗೆ ಅದು ಸಾಕು. ಅಮ್ಮನ ಮಾತಿಗೆ, ಹೋಗೋದು ಎರಡೋ ಮೂರೋ ಇದ್ರೆ ಆಯ್ತು. ಅದು ಇಲ್ಲಿ ಯಾವಾಗ್ಲೂ ಇರುತ್ತೆ."

ಮಗಳು ದೊಡ್ಡಮ್ಮನಿಗೆ ಕರೆ ಮಾಡಿದಳು. ಟೈಲರಮ್ಮ ಬರಲೊಲ್ಲೆ ಎಂದು ಮುಖ ತಿರುಗಿಸಿದಳು. ಮಗಳು ಬಲವಂತ ಮಾಡಿ ಕೂರಿಸಿದಳು. ಆಕೆ ಅಳುಕುತ್ತಾ, ಎರಡೇ ಎರಡು ಸನ್ನೆ ಮಾಡಿ ಕೈ ಕೆಳಗಿಳಿಸಿದಳು. ಪರದೆಯಲ್ಲಿ ಅಕ್ಕ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಆಕೆಯ ಕೈಗಳು ಒಂದೇ ಸಮನೆ ಹರಿದವು.

"ಏನಂತೆ?" ಎಂದ ಏಣಿಯಣ್ಣ.

"ಬೈಗುಳ," ಎಂದು ಮಗಳು ಕಣ್ಣೊರೆಸಿಕೊಂಡಳು. "ನೀನು ಮುನಿಸ್ಕೊಂಡು ಬೇಕಂತಲೇ ಹಾಗೆ ಕೈ ಆಡಿಸ್ತಿದ್ದೆ ಅಂದ್ಕೊಂಡಿದ್ನಲ್ಲೇ ಅಂತ."

ಅಕ್ಕತಂಗಿಯರ ಮಾತು ಅರ್ಧ ಗಂಟೆ ನಡೆಯಿತು. ಅವನು ಹೊರಡಲಾರದೆ ಬಾಗಿಲಲ್ಲೇ ನಿಂತಿದ್ದ. ಕರೆ ಮುಗಿದ ಮೇಲೆ ಟೈಲರಮ್ಮ ಎದ್ದು ಬಂದಳು. ಪೆಟ್ಟಿಗೆಯನ್ನು ತೋರಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ನಡೆಯುವಂತೆ ಮಾಡಿದಳು. ಅದೇ ಸನ್ನೆ. ಆಮೇಲೆ ಅವನ ಹಣೆಯತ್ತ ಬೆರಳು ತೋರಿಸಿ ಕಾದಳು.

"ಆವತ್ತು ನಾನು ಹೀಗೆ ಹೇಳಿದ್ದು ನಿಮಗೆ ತಿಳಿದಿತ್ತಾ ಅಂತ ಕೇಳ್ತಿದ್ದಾರೆ," ಎಂದಳು ಮಗಳು. ಮರುಕ್ಷಣ ತಾನೇ ಸೇರಿಸಿದಳು, "ನಿಮಗೆ ಎಲ್ಲಿ ತಿಳೀಬೇಕು ಬಿಡಿ. ಕೈಮಾತು ಬಾರದವರಿಗೆ ಗೊತ್ತಾಗಲ್ಲ ಅಂತ ನಾನೇ ಹೇಳ್ತೀನಿ."

ತಪ್ಪಿಸಿಕೊಳ್ಳುವ ಬಾಗಿಲನ್ನು ಆ ಹುಡುಗಿಯೇ ತೆರೆದುಕೊಟ್ಟಿದ್ದಳು. ಇಂಥ ಬಾಗಿಲುಗಳನ್ನು ದೇವರು ನಾವೇನು ಮಾಡುತ್ತೇವೆಂದು ನೋಡಲೆಂದೇ ತೆರೆದಿಡುತ್ತಾನೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

"ತಿಳಿದಿತ್ತು," ಎಂದ ಏಣಿಯಣ್ಣ. ಅದನ್ನು ಅಮ್ಮನಿಗೆ ಹೇಳಲು ಮಗಳ ಕೈ ಆಡಲಿಲ್ಲ. ಅವನೇ ಟೈಲರಮ್ಮನ ಮುಖ ನೋಡಿ, ಹೌದೆಂದು ತಲೆಯಾಡಿಸಿದ.

ಆಕೆ ಬಹಳ ಹೊತ್ತು ಅವನನ್ನು ನೋಡಿದಳು. ಸಿಟ್ಟಿನ ಮುಖವಲ್ಲ. ಬಟ್ಟೆಯಲ್ಲಿ ಹರಿದ ಜಾಗ ಎಲ್ಲಿಯವರೆಗೆ ಹೋಗಿದೆ ಎಂದು ನೋಡುವವರ ಹಾಗೆ ನೋಡಿದಳಂತೆ. ಆಮೇಲೆ ಮಷಿನ್ನಿಗೆ ಹೋಗಿ ಕೂತು, ಬೆನ್ನು ತಿರುಗಿಸಿ ಹೊಲಿಯತೊಡಗಿದಳು.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ನಗಲಿಲ್ಲ. "ನಾನು ಮಾತಾಡ್ವಾಗ್ಲೂ ಹೀಗೇ ಮುಖ ಮಾಡ್ಕೊಂಡು ಕೂರ್ತೀರಲ್ರೀ," ಎಂದಳು. ಈಗ ದಿನಕ್ಕೆ ಏಳರ ಜಾಗದಲ್ಲಿ ಐದೇ ಮನೆ ಮುಗಿಯುತ್ತದೆ. ಸೂಪರ್‌ವೈಸರ್ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದಿದ್ದಾನೆ.

"ಆಮೇಲೆ ಆಕೆ ಸಿಕ್ಕಿದ್ರಾ?" ಎಂದು ಕೇಳಿದೆ.

ಸಿಕ್ಕಿದ್ದಳಂತೆ. ಕಳೆದ ತಿಂಗಳು ಅದೇ ಬೀದಿಯ ಕಂಬದ ಮೇಲಿದ್ದಾಗ ಹಿಂದಿನ ಕೋಣೆಯ ಕಿಟಕಿ ತೆರೆಯಿತು. ಟೈಲರಮ್ಮ ಅವನನ್ನು ನೋಡಿ, ಹೆಬ್ಬೆರಳು ಎತ್ತಿ ತೋರಿಸಿ, ಕಿಟಕಿ ಮುಚ್ಚಿದಳು.

"ಸಂಪರ್ಕ ಚೆನ್ನಾಗಿದೆ ಅಂದಿದ್ದೋ, ಆವತ್ತು ನಾನು ಬೆರಳು ಎತ್ತಿದ್ದನ್ನ ನೆನಪಿಸಿದ್ದೋ," ಎಂದು ಏಣಿಯಣ್ಣ ನನ್ನ ಕುರ್ಚಿಯಿಂದ ಎದ್ದ. "ಈ ಸಲ ನಿಜವಾಗ್ಲೂ ತಿಳೀಲಿಲ್ಲ ಅಮ್ಮಾ. ಕೇಳೋಕೆ ಧೈರ್ಯ ಇಲ್ಲ."